ನೀರು ಬಿಟ್ಟ ಮೇಲೆ

ಅಪ್ಪನ ಬಿಪಿ ಮತ್ತೆ 110ಕ್ಕೆ ಬಂದ ರಾತ್ರಿ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಒಂದು ಟೀ ಕುಡಿದೆ. ಗಂಡಾಂತರ ಕಳೀತು ಅಂದುಕೊಂಡು ಕುಡಿದ ಟೀ. ಊರಲ್ಲಿದ್ದ ಅವ್ವನಿಗೆ ಫೋನ್ ಮಾಡಿ "ಎಲ್ಲಾ ಸರಿಹೋಯ್ತು, ನೀನು ಮಲಕ್ಕೊ" ಅಂದೆ. ಆದರೆ ಅಪ್ಪನ ಕಿಡ್ನಿಯೊಳಗೆ ಯಾವುದೂ ಸರಿಹೋಗಿರಲಿಲ್ಲ. ಬತ್ತಿದ್ದ ರಕ್ತ ಮತ್ತೆ ಹರಿಯತೊಡಗಿದ ಆ ಹೊತ್ತಿಗೇ ಹಾನಿಯ ಎರಡನೇ ಸುತ್ತು ಶುರುವಾಗಿತ್ತು. ಎರಡು ವರ್ಷ ಆಯಿತು. ಆ ಟೀ, ಆ ಫೋನು, ಎರಡೂ ನನ್ನನ್ನು ಬಿಟ್ಟಿಲ್ಲ.

ನಾನು ಮೈಸೂರಿನಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ನೆಫ್ರಾನ್, ಅಂದರೆ ಕಿಡ್ನಿಯೊಳಗಿನ ಸೋಸುವ ಸಣ್ಣ ಘಟಕದ ಚಿತ್ರ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅಷ್ಟು ಬರೆದೂ ಅವತ್ತು ರಾತ್ರಿ ಕೇಳಬೇಕಾದ ಒಂದು ಪ್ರಶ್ನೆ ನನಗೆ ಹೊಳೆಯಲಿಲ್ಲ. ಅದನ್ನೇ ಇಲ್ಲಿ ಬರೆಯಬೇಕು.

ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿ. ಅಪ್ಪನಿಗೆ ಆಗ 66. ಏಪ್ರಿಲ್ ತಿಂಗಳು. ಮೂರು ದಿನದಿಂದ ಕಬ್ಬು ಕಡಿಸಿ ಆಲೆಮನೆಗೆ ಸಾಗಿಸುತ್ತಿದ್ದರು. ಕೊಪ್ಪರಿಗೆ ಮುಂದೆ ನಿಲ್ಲಬೇಡಿ ಅಂದರೆ ಕೇಳುವವರಲ್ಲ. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ತಂದ ಮಾತ್ರೆ, ದಿನಕ್ಕೆ ಎರಡು ಮೂರು. ಜೊತೆಗೆ ಐದಾರು ವರ್ಷದಿಂದ ತಗೊಳ್ಳುತ್ತಿದ್ದ ಬಿಪಿ ಮಾತ್ರೆ. ಮೂರನೇ ದಿನ ರಾತ್ರಿ ಭೇದಿ ಶುರುವಾಯಿತು. ಬೆಳಗಾಗುವಷ್ಟರಲ್ಲಿ ವಾಂತಿ. ಮಧ್ಯಾಹ್ನ ಜಗುಲಿಯಿಂದ ಏಳಲು ಹೋಗಿ ಕಣ್ಣು ಕತ್ತಲೆ ಬಂದು ಬಿದ್ದರು. ಮೈಸೂರಿಗೆ ಕರೆತಂದಾಗ ಬಿಪಿ 70. ಕೈಕಾಲು ತಣ್ಣಗಿದ್ದವು. ಡ್ರಿಪ್ಸ್ ಮೇಲೆ ಡ್ರಿಪ್ಸ್ ಏರಿಸಿದರು. ರಾತ್ರಿ ಹನ್ನೊಂದರ ಹೊತ್ತಿಗೆ ಬಿಪಿ ಮೇಲೆ ಬಂತು. ಮುಖಕ್ಕೆ ಕಳೆ ಬಂತು. "ಕಬ್ಬಿನ ದುಡ್ಡು ಇಸ್ಕಂಡ್ಯೇನವ್ವ?" ಅಂತ ಕೇಳಿದರು. ಅವರು ದುಡ್ಡು ಕೇಳಿದರು ಅಂದರೆ ಹುಷಾರಾದರು ಅಂತಲೇ ನಮ್ಮ ಮನೆಯ ಲೆಕ್ಕ.

ಕೊನೆ ಭಾಗ

ಮಂಡ್ಯ ಜಿಲ್ಲೆಯವರಿಗೆ "ಕೊನೆ ಭಾಗ" ಅನ್ನುವ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಂಬಾಡಿಯಲ್ಲಿ ನೀರು 124.80 ಅಡಿ ತುಂಬಿರಲಿ, ವಿಸಿ ನಾಲೆ ಭರ್ತಿ ಹರಿಯಲಿ, ಮದ್ದೂರು ಮಳವಳ್ಳಿ ಕಡೆಯ ಕೊನೆಯ ಗದ್ದೆಗೆ ನೀರು ಮುಟ್ಟುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಮೇಲಿನವರು ಕುಡಿದು ಮಿಕ್ಕಿದ್ದು ಕೆಳಗಿನವರಿಗೆ. ನಾಲೆಯಲ್ಲಿ ನೀರು ಸ್ವಲ್ಪ ಇಳಿದರೂ ಮೊದಲು ಒಣಗುವುದು ನಮ್ಮ ಗದ್ದೆ.

ಕಿಡ್ನಿಯೊಳಗೂ ಅಂಥದ್ದೊಂದು ಕೊನೆ ಭಾಗ ಇದೆ. ಎರಡೂ ಕಿಡ್ನಿ ಸೇರಿ ತೂಗುವುದು ಸುಮಾರು 300 ಗ್ರಾಂ. ಆದರೆ ಹೃದಯ ಪ್ರತಿ ನಿಮಿಷ ತಳ್ಳುವ ರಕ್ತದಲ್ಲಿ ಐದನೇ ಒಂದು ಪಾಲು, ಅಂದರೆ ಒಂದು ಲೀಟರಿಗೂ ತುಸು ಜಾಸ್ತಿ, ಅವಕ್ಕೇ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಅದರಲ್ಲಿ ಒಂದೂವರೆ ಲೀಟರ್ ಮಾತ್ರ ಹೊರಗೆ ಬಿಟ್ಟು, ಮಿಕ್ಕಿದ್ದನ್ನೆಲ್ಲಾ ವಾಪಸ್ ಎಳೆದುಕೊಳ್ಳುತ್ತವೆ. ಇಷ್ಟು ರಕ್ತ ಸಿಗುವ ಅಂಗಕ್ಕೆ ಬರಗಾಲ ಹೇಗೆ ಬರುತ್ತದೆ ಅಂತ ಅನ್ನಿಸಬಹುದು. ಬಂದ ರಕ್ತದಲ್ಲಿ ಹೆಚ್ಚಿನದು ಹೊರಪದರದಲ್ಲೇ ಓಡಾಡುತ್ತದೆ. ಒಳಪದರಕ್ಕೆ ಇಳಿಯುವುದು ನೂರಕ್ಕೆ ಹತ್ತು ಪಾಲಿನ ಆಸುಪಾಸು. ಹೊರಗೆ ಆಮ್ಲಜನಕದ ಒತ್ತಡ, ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ, 50ರ ಹತ್ತಿರ ಇದ್ದರೆ ಒಳಗೆ 10ರಿಂದ 20. ಆರೋಗ್ಯವಾಗಿರುವ ಮನುಷ್ಯನಲ್ಲೂ ಹೀಗೇ. ದಿನವೂ ಅಂಚಿನಲ್ಲೇ ಬದುಕುವ ಜಾಗ ಅದು.

ಆ ಅಂಚಿನಲ್ಲೇ ಅತಿ ಹೆಚ್ಚು ದುಡಿಯುವ ಜೀವಕೋಶಗಳಿವೆ. ಸೋಸಿದ ನೀರಿನಿಂದ ಉಪ್ಪು, ಸಕ್ಕರೆ ಎಲ್ಲಾ ಎತ್ತಿ ರಕ್ತಕ್ಕೆ ಹಾಕುವ ಸಣ್ಣ ಕೊಳವೆಗಳ ಕೋಶಗಳು. ಮೈತುಂಬಾ ಮೈಟೊಕಾಂಡ್ರಿಯಾ, ಅಂದರೆ ಕೋಶಕ್ಕೆ ಶಕ್ತಿ ತಯಾರಿಸುವ ಒಲೆಗಳು, ತುಂಬಿಕೊಂಡಿವೆ. ಓಡುವಾಗ ನಮ್ಮ ಸ್ನಾಯು ಆಮ್ಲಜನಕ ಸಾಲದಿದ್ದರೂ ಸ್ವಲ್ಪ ಹೊತ್ತು ಹೇಗೋ ತಳ್ಳುತ್ತದೆ. ಈ ಕೋಶಗಳಿಗೆ ಆ ದಾರಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆಮ್ಲಜನಕ ನಿಂತರೆ ಕೆಲವೇ ನಿಮಿಷದಲ್ಲಿ ಕೋಶದ ಶಕ್ತಿ, ಅಂದರೆ ಎಟಿಪಿ, ಕುಸಿಯುತ್ತದೆ. ಸೋಡಿಯಂ ಹೊರಹಾಕುವ ಪಂಪು ನಿಲ್ಲುತ್ತದೆ. ನೀರು ಒಳಗೆ ನುಗ್ಗಿ ಕೋಶ ಊದಿಕೊಳ್ಳುತ್ತದೆ. ಕ್ಯಾಲ್ಸಿಯಂ ಒಳಬರುತ್ತದೆ. ಒಂದು ಕಿಡ್ನಿಯಲ್ಲಿ ಇಂಥ ಕೊಳವೆಗಳು ಸುಮಾರು 10 ಲಕ್ಷ. ಅಪ್ಪ ಜಗುಲಿಯ ಹತ್ತಿರ ಬಿದ್ದಾಗಿನಿಂದ ಬಿಪಿ ಮೇಲೇಳುವ ತನಕ ಎಷ್ಟು ಗಂಟೆ ಕಳೆದವು ಅಂತ ಎಷ್ಟೋ ಸಲ ಎಣಿಸಿದ್ದೇನೆ. ಒಂಬತ್ತು.

ಒಡೆದ ಬದ

ನನಗೆ ಹತ್ತು ಹನ್ನೊಂದು ವರ್ಷ. ಕಟ್ಟು ನೀರಿನ ಕಾಲ. ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಆ ಸಲ ನಮ್ಮ ಸರದಿ ತಪ್ಪಿ ಗದ್ದೆ ಇಪ್ಪತ್ತು ದಿನ ಒಣಗಿತ್ತು. ಬೆರಳು ಹೋಗುವಷ್ಟು ಅಗಲ ಬಿರುಕು. ಒಂದು ರಾತ್ರಿ ನೀರುಗಂಟಿ ಬಂದು ಬಾಗಿಲು ಬಡಿದ. "ಗೌಡ್ರೇ, ನೀರು ಬತ್ತಾದೆ, ಬನ್ನಿ." ಅಪ್ಪ ಗುದ್ದಲಿ ಹೆಗಲಿಗೆ ಹಾಕಿಕೊಂಡು ಓಡಿದರು. ನಾನು ಹಿಂದೆ ಬ್ಯಾಟರಿ ಹಿಡಿದು ಓಡಿದೆ. ಕಾಲುವೆಯಲ್ಲಿ ನೀರು ಬರುವ ಸದ್ದು ಮೊದಲು ಕೇಳಿಸಿತು. ಆಮೇಲೆ ಬ್ಯಾಟರಿ ಬೆಳಕಿನಲ್ಲಿ ನೊರೆ, ಕಸಕಡ್ಡಿ, ಅದರ ಹಿಂದೆ ನೀರು. ಅಪ್ಪ ಮಡೆಯನ್ನು ಪೂರ್ತಿ ಬಿಚ್ಚಿದರು.

ನೀರು ಗದ್ದೆಗೆ ನುಗ್ಗಿತು. ನಾನು ಕುಣಿದುಬಿಟ್ಟೆ. ಆದರೆ ನೀರು ಗದ್ದೆಯಲ್ಲಿ ನಿಲ್ಲಲಿಲ್ಲ. ಬಿರುಕುಗಳೊಳಗೆ ಗುಳುಗುಳು ಅಂತ ಇಳಿಯಿತು. ಒಣಗಿ ಸಡಿಲವಾಗಿದ್ದ ಬದದ ಬುಡದಲ್ಲಿ ಏಡಿ ಬಿಲವೊಂದಿತ್ತು. ಅಲ್ಲಿಂದ ಮೊದಲು ಬೆರಳು ಗಾತ್ರ, ಆಮೇಲೆ ತೊಡೆ ಗಾತ್ರ ನೀರು ಹಾಯ್ದು ಬದ ಕುಸಿಯಿತು. ಅಪ್ಪ ಮಣ್ಣು ಎಳೆದು ಹಾಕಿದಷ್ಟೂ ಕೊಚ್ಚಿಕೊಂಡು ಹೋಯಿತು. ಕೊನೆಗೆ ತಾವೇ ಆ ಕಿಂಡಿಗೆ ಅಡ್ಡ ಕೂತರು. ನೀರುಗಂಟಿ ಸೊಪ್ಪು ಸದೆ ತಂದು ತುಂಬಿದ. ಬೆಳಗ್ಗೆ ನೋಡಿದರೆ ಮೂಲೆಯ ಒಂದು ಮಡಿ ಪೈರು ಬುಡಸಮೇತ ಎದ್ದು ಹೋಗಿತ್ತು. ಇಪ್ಪತ್ತು ದಿನದ ಒಣಗಲಿಗೆ ಬಾಡಿದ್ದರೂ ಜೀವ ಹಿಡಿದಿದ್ದ ಪೈರು ಅದು. ಅದು ಹೋಗಿದ್ದು ನೀರು ಬಂದ ರಾತ್ರಿ.

ರಕ್ತ ವಾಪಸ್ ಬಂದಾಗ ಆಗುವ ಹಾನಿಯ ಬಗ್ಗೆ ಓದುವಾಗೆಲ್ಲಾ ನನಗೆ ಕಿಂಡಿಗೆ ಅಡ್ಡ ಕೂತ ಅಪ್ಪನೇ ಕಣ್ಣ ಮುಂದೆ ಬರುತ್ತಾರೆ. 1960ರಲ್ಲಿ ರಾಬರ್ಟ್ ಜೆನ್ನಿಂಗ್ಸ್ ಮತ್ತು ಜೊತೆಯವರು ನಾಯಿಗಳ ಹೃದಯದಲ್ಲಿ ಇದನ್ನು ಗಮನಿಸಿ ಬರೆದರು. ರಕ್ತನಾಳ ಕಟ್ಟಿ, ಸ್ವಲ್ಪ ಹೊತ್ತಿನ ಮೇಲೆ ಬಿಚ್ಚಿದರೆ, ಕೋಶಗಳ ಸಾವಿನ ಗುರುತುಗಳು ಇನ್ನೂ ಬೇಗ ಕಾಣಿಸಿಕೊಳ್ಳುತ್ತಿದ್ದವು. ಕಿಡ್ನಿಯಲ್ಲೂ ಹಾಗೆಯೇ. ಯಾಕೆ? ರಕ್ತ ಬತ್ತಿರುವಾಗ ಕೋಶದಲ್ಲಿ ಅರ್ಧ ಉರಿದ ಇಂಧನ ಶೇಖರವಾಗುತ್ತದೆ. ಅದರಲ್ಲಿ ಸಕ್ಸಿನೇಟ್ ಅನ್ನುವುದು ಮುಖ್ಯ. ಇಲಿಗಳ ಹೃದಯ, ಕಿಡ್ನಿ, ಲಿವರ್, ಮಿದುಳು ಎಲ್ಲದರಲ್ಲೂ ಅದು ಕೂಡಿಬೀಳುತ್ತದೆ ಅಂತ 2014ರಲ್ಲಿ ಸಂಶೋಧಕರು ತೋರಿಸಿದರು. ಆಮ್ಲಜನಕ ಮತ್ತೆ ಬಂದ ಕೂಡಲೇ ಅದಷ್ಟೂ ಒಂದೇ ಸಲಕ್ಕೆ ಉರಿಯುತ್ತದೆ. ಮೈಟೊಕಾಂಡ್ರಿಯಾದೊಳಗೆ ಎಲೆಕ್ಟ್ರಾನುಗಳು ಹಿಮ್ಮುಖವಾಗಿ ನುಗ್ಗಿ, ಆಮ್ಲಜನಕವೇ ವಿಷದ ರೂಪ ತಾಳುತ್ತದೆ. ಕೊಬ್ಬು, ಪ್ರೋಟೀನು, ಡಿಎನ್‌ಎ, ಸಿಕ್ಕಿದ್ದನ್ನೆಲ್ಲಾ ಕಡಿಯುವ ರೂಪ. ಹಿಂದೆಯೇ ಬಿಳಿರಕ್ತಕಣಗಳು ಬಂದು ಮುತ್ತುತ್ತವೆ. ಸಣ್ಣ ರಕ್ತನಾಳಗಳು ಊದಿಕೊಂಡು, ದೊಡ್ಡ ನಾಳದಲ್ಲಿ ರಕ್ತ ಹರಿಯುತ್ತಿದ್ದರೂ ಒಳಗಿನ ಮೂಲೆಗಳಿಗೆ ಅದು ತಲುಪುವುದೇ ಇಲ್ಲ. ನಾಲೆ ತುಂಬಿರುತ್ತದೆ, ಗದ್ದೆ ಒಣಗಿರುತ್ತದೆ.

ಇದನ್ನು ಓದಿ ಯಾರಾದರೂ ಡ್ರಿಪ್ಸ್ ಹಾಕಿದ್ದೇ ತಪ್ಪಾಯಿತು ಅಂದುಕೊಂಡಾರು ಅನ್ನುವ ಭಯ ನನಗಿದೆ. ಖಂಡಿತ ತಪ್ಪಲ್ಲ. ರಕ್ತ ಹರಿಸದೆ ಬಿಟ್ಟಿದ್ದರೆ ಕಿಡ್ನಿ ಅಷ್ಟೇ ಅಲ್ಲ, ಅಪ್ಪನೇ ಉಳಿಯುತ್ತಿರಲಿಲ್ಲ. ನೀರು ಬಿಡಲೇಬೇಕು, ಅದೂ ಬೇಗ. ನೀರು ಬಿಟ್ಟ ಮೇಲೂ ಬದದ ಮೇಲೆ ಯಾರಾದರೂ ಇರಬೇಕು ಅಂತ ಮಾತ್ರ ನಾನು ಹೇಳುತ್ತಿರುವುದು. ನೀರನ್ನೇ ಸಣ್ಣಕ್ಕೆ, ಬಿಟ್ಟು ಬಿಟ್ಟು ಹರಿಸಿದರೆ ಹೇಗೆ ಅಂತಲೂ ವಿಜ್ಞಾನಿಗಳು ಯೋಚಿಸಿದ್ದಾರೆ. 2003ರಲ್ಲಿ ನಾಯಿಗಳ ಹೃದಯದಲ್ಲಿ ಹಾಗೆ ಮಾಡಿ ನೋಡಿದಾಗ ಹಾನಿ ಕಮ್ಮಿಯಾಗಿತ್ತು. ಮನುಷ್ಯರ ಮೇಲಿನ ದೊಡ್ಡ ಪರೀಕ್ಷೆಗಳಲ್ಲಿ ಆ ಆಸೆ ಅಷ್ಟಾಗಿ ಕೈಗೂಡಲಿಲ್ಲ. ಈ ಹಾನಿಗೇ ಅಂತ ಕೊಡುವ ಮದ್ದು ಇವತ್ತಿಗೂ ವಾರ್ಡಿನಲ್ಲಿ ಇಲ್ಲ.

ಎಲೆ ಉದುರುವುದು, ಬೆಂಕಿ ಹತ್ತುವುದು

ಕೋಶಗಳು ಸಾಯುವುದರಲ್ಲೂ ಬಗೆಗಳಿವೆ. 1972ರಲ್ಲಿ ಕೆರ್, ವಿಲ್ಲಿ, ಕರ್ರಿ ಅನ್ನುವ ಮೂವರು ಒಂದು ಬಗೆಗೆ "ಅಪೊಪ್ಟೋಸಿಸ್" ಅಂತ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಎಲೆ ಉದುರುವುದು ಅಂತ ಅರ್ಥ. ಕೋಶ ತಾನೇ ತನ್ನನ್ನು ಮಡಚಿಕೊಂಡು, ಅಕ್ಕಪಕ್ಕದವರಿಗೆ ತೊಂದರೆ ಕೊಡದೆ ಹೋಗುತ್ತದೆ. ಇದನ್ನು ಹೇಳುವಾಗ ನಾನು ಕ್ಲಾಸಿನ ಕಿಟಕಿಯಾಚೆಯ ಹೊಂಗೆ ಮರ ತೋರಿಸುತ್ತೇನೆ. ಮಕ್ಕಳಿಗೆ ಥಟ್ಟನೆ ಹಿಡಿಸುತ್ತದೆ.

ರಕ್ತ ನಿಂತು ಬಂದ ಕಿಡ್ನಿಯಲ್ಲಿ ಬಹಳಷ್ಟು ಸಾವು ಹೀಗೆ ಮೌನವಾಗಿ ಆಗುವುದಿಲ್ಲ. ಕೋಶ ಒಡೆದು ಒಳಗಿನದ್ದೆಲ್ಲಾ ಹೊರಚೆಲ್ಲುತ್ತದೆ. ಅದಕ್ಕೆ ಸುತ್ತಲೂ ಉರಿಯೂತ ಏಳುತ್ತದೆ. ಹಾಗೆ ಒಡೆಯುವುದು ಬರೀ ಅಪಘಾತ ಅಂತ ಮೊದಲು ತಿಳಿದಿದ್ದರು. ಅದರಲ್ಲೂ ಕೋಶದೊಳಗೇ ಬರೆದಿಟ್ಟ ದಾರಿಗಳಿವೆ ಅಂತ ಈಗ ಗೊತ್ತಾಗಿದೆ. ನನ್ನನ್ನು ತುಂಬಾ ಕಾಡಿದ ಬಗೆ ಫೆರೊಪ್ಟೋಸಿಸ್. 2012ರಲ್ಲಿ ಇಟ್ಟ ಹೆಸರು. ಕೋಶದ ಪೊರೆಯ ಕೊಬ್ಬು ಕಬ್ಬಿಣದ ನೆರವಿನಿಂದ ತುಕ್ಕು ಹಿಡಿದ ಹಾಗೆ ಕೆಡುತ್ತಾ ಹೋಗುತ್ತದೆ. ಎರಡು ವರ್ಷದ ಮೇಲೆ ಕಿಡ್ನಿಯ ಕೊಳವೆಗಳಲ್ಲಿ ಇದನ್ನು ನೋಡಿದವರು ಒಂದು ವಿಚಿತ್ರ ಕಂಡರು. ಕೋಶಗಳು ಅಲ್ಲೊಂದು ಇಲ್ಲೊಂದು ಸಾಯುವುದಿಲ್ಲ. ಕೊಳವೆಯುದ್ದಕ್ಕೂ ಸಾಲುಸಾಲಾಗಿ, ಒಟ್ಟೊಟ್ಟಿಗೆ ಸಾಯುತ್ತವೆ. ಕಬ್ಬಿನ ಗದ್ದೆಗೆ ಒಂದು ಮೂಲೆಯಲ್ಲಿ ಬೆಂಕಿ ಬಿದ್ದರೆ ಒಣ ತರಗು ಹಿಡಿದು ಸಾಲು ಪೂರ್ತಿ ಹೋಗುವುದನ್ನು ನಮ್ಮ ಕಡೆಯವರೆಲ್ಲಾ ನೋಡಿದ್ದಾರೆ. ಅದೇ ರೀತಿ.

ಸತ್ತ ಕೋಶಗಳು ಕಳಚಿಬಿದ್ದು ಕೊಳವೆಯನ್ನೇ ಕಟ್ಟಿಹಾಕುತ್ತವೆ. ಕಾಲುವೆಗೆ ಹೂಳು ತುಂಬಿದ ಹಾಗೆ. ಮೂತ್ರವನ್ನು ಮೈಕ್ರೋಸ್ಕೋಪಿನಡಿ ನೋಡಿದರೆ ಕೆಸರು ಬಣ್ಣದ ಉದ್ದುದ್ದ ಅಚ್ಚುಗಳು ಕಾಣುತ್ತವೆ. ಅಪ್ಪನ ಲ್ಯಾಬ್ ರಿಪೋರ್ಟಿನಲ್ಲಿ ಅದರ ಬಗ್ಗೆ ಒಂದು ಸಾಲಿತ್ತು. ಆ ಸಾಲು ಓದಿದಾಗ ನನಗೆ ಕಾಲು ನಡುಗಿತು. ಕ್ಲಾಸಿನಲ್ಲಿ ಚಿತ್ರ ತೋರಿಸಿ ಹೇಳಿದ್ದ ಅಚ್ಚುಗಳೇ ಅವು.

ಚೀಲ

ಮಾರನೇ ದಿನ ಸಂಜೆ ರೌಂಡ್ಸಿಗೆ ಬಂದ ಡಾಕ್ಟರು ಅಪ್ಪನ ಕಡೆ ನೋಡುವ ಮೊದಲು ಮಂಚದ ಕೆಳಗೆ ಬಗ್ಗಿದರು. ಅಲ್ಲಿ ಯೂರಿನ್ ಬ್ಯಾಗ್ ನೇತಾಡುತ್ತಿತ್ತು. ಅದನ್ನು ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದರು. ತಳದಲ್ಲಿ ಗಾಢವಾದ ಟೀ ಬಣ್ಣದ್ದು, ಎರಡು ಮೂರು ಚಮಚದಷ್ಟು. "ಬೆಳಗ್ಗೆಯಿಂದ ಇಷ್ಟೇನಾ ಮೇಡಂ?" ಅಂದರು. ನನಗೆ ಗೊತ್ತಿರಲಿಲ್ಲ. ಬಿಪಿ ಮಾನಿಟರನ್ನು ನಿಮಿಷಕ್ಕೊಂದು ಸಲ ನೋಡಿದ್ದೆ. ಚೀಲವನ್ನು ನೋಡಿರಲಿಲ್ಲ. ಅವತ್ತು ರಾತ್ರಿ ನಾನು ಕೇಳದೇ ಹೋದ ಪ್ರಶ್ನೆ ಇದೇ: ಉಚ್ಚೆ ಎಷ್ಟು ಬಂತು?

ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ ರಕ್ತದಲ್ಲಿ ಎಷ್ಟಿದೆ ಅಂತ ನೋಡುವ ಕ್ರಿಯಾಟಿನಿನ್ ಟೆಸ್ಟ್ ಇತ್ತಲ್ಲ ಅಂತ ನೀವು ಕೇಳಬಹುದು. ಇತ್ತು. ಸೇರಿಸಿದ ರಾತ್ರಿ 1.6. "ಸ್ವಲ್ಪ ಜಾಸ್ತಿ ಇದೆ, ನೋಡೋಣ" ಅಂದಿದ್ದರು. ಆದರೆ ಕ್ರಿಯಾಟಿನಿನ್ ತಡವಾಗಿ ಬರುವ ಸುದ್ದಿ. ಕಿಡ್ನಿ ಕೆಲಸ ನಿಲ್ಲಿಸಿದ ಮೇಲೆ ಅದು ರಕ್ತದಲ್ಲಿ ಮೆಲ್ಲಗೆ ಕೂಡಿಕೊಳ್ಳಬೇಕು. ಅದಕ್ಕೆ ಒಂದೆರಡು ದಿನ ಬೇಕು. ಮಾರನೇ ದಿನ 2.9, ಆಮೇಲೆ 4.3, ಆಮೇಲೆ 5.8. ಮೂತ್ರ ಅದಕ್ಕಿಂತ ಮೊದಲೇ ಹೇಳುತ್ತಿರುತ್ತದೆ. ಮೈತೂಕದ ಪ್ರತಿ ಕಿಲೋಗೆ ಗಂಟೆಗೆ ಅರ್ಧ ಎಂಎಲ್‌ಗಿಂತ ಕಮ್ಮಿ, ಅದೂ ಆರು ಗಂಟೆ ಕಾಲ ಬಂದರೆ, ಕಿಡ್ನಿಗೆ ಪೆಟ್ಟು ಬಿದ್ದಿದೆ ಅಂತ ಡಾಕ್ಟರುಗಳು ಲೆಕ್ಕಕ್ಕೆ ತಗೊಳ್ಳುತ್ತಾರೆ. 60 ಕಿಲೋ ಅಪ್ಪನಿಗೆ ಗಂಟೆಗೆ 30 ಎಂಎಲ್. ಇಷ್ಟೇ ಲೆಕ್ಕ. ಯಾರು ಬೇಕಾದರೂ ಇಡಬಹುದು.

ಪಾರಾದರು ಅಂದುಕೊಂಡ ಮೇಲೆ ಕಿಡ್ನಿ ಕೈಕೊಡುವುದು ಹೊಸದೇನಲ್ಲ. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬ್ ಬಿದ್ದಾಗ, ಕುಸಿದ ಮನೆಗಳಡಿ ಗಂಟೆಗಟ್ಟಲೆ ಕೈಕಾಲು ಸಿಕ್ಕಿಕೊಂಡವರನ್ನು ಎಳೆದು ತೆಗೆಯುತ್ತಿದ್ದರು. ಹೊರಗೆ ಬಂದಾಗ ಮಾತಾಡಿಕೊಂಡು ಚೆನ್ನಾಗೇ ಇರುತ್ತಿದ್ದರು. ಕೆಲವು ದಿನಕ್ಕೆ ಮೂತ್ರ ನಿಂತು ಸಾಯುತ್ತಿದ್ದರು. ಬೈವಾಟರ್ಸ್ ಮತ್ತು ಬೀಲ್ 1941ರಲ್ಲಿ ಇದನ್ನು ಬರೆದರು. ಅಲ್ಲಿ ಜಜ್ಜಿದ ಸ್ನಾಯುವಿನ ವಿಷವೂ ಸೇರಿತ್ತು, ಅಪ್ಪನದು ಹಾಗಲ್ಲ. ಆದರೂ ಅದನ್ನು ಓದುವಾಗ ನನಗೆ ಮೆಟ್ಟಿಲ ಮೇಲಿನ ಟೀ ನೆನಪಾಯಿತು.

ಅಪ್ಪನಿಗೆ ನಾಲ್ಕು ಸಲ ಡಯಾಲಿಸಿಸ್ ಆಯಿತು. ಡಯಾಲಿಸಿಸ್ ಅಂದ ಕೂಡಲೇ ಊರಿನಿಂದ ಬಂದವರೆಲ್ಲಾ ಅಳುವುದಕ್ಕೇ ಶುರುಮಾಡಿದರು. ಇನ್ನು ಜೀವನಪೂರ್ತಿ ಅಂತಲೇ ಎಲ್ಲರ ಎಣಿಕೆ. ಹಾಗೇನಿಲ್ಲ. ಆ ಮೆಷಿನ್ ಹುಟ್ಟಿದ್ದೇ ಇಂಥ ತಾತ್ಕಾಲಿಕ ಪೆಟ್ಟಿಗೆ. ನೆದರ್‌ಲ್ಯಾಂಡ್ಸಿನ ಡಾಕ್ಟರ್ ವಿಲೆಮ್ ಕೋಲ್ಫ್ 1943ರಲ್ಲಿ, ಯುದ್ಧದ ನಡುವೆ, ಸಾಸೇಜಿಗೆ ಸುತ್ತುವ ಸೆಲೋಫೇನ್ ಕೊಳವೆಯಿಂದ ಅದನ್ನು ಕಟ್ಟಿದರು. 1945ರಲ್ಲಿ ಅದರಿಂದ ಮೊದಲು ಬದುಕುಳಿದದ್ದು 67 ವರ್ಷದ ಒಬ್ಬ ಹೆಂಗಸು. ಆಕೆಯದೂ ಹಠಾತ್ತಾಗಿ ನಿಂತ ಕಿಡ್ನಿಯೇ. ಅಪ್ಪನಿಗಿಂತ ಒಂದು ವರ್ಷ ದೊಡ್ಡವರು. ಡಯಾಲಿಸಿಸ್ ರೂಮಿನ ಹೊರಗೆ ಕೂತು ಅವ್ವನಿಗೆ ಈ ಕಥೆ ಹೇಳಿದೆ. "ಆವಮ್ಮ ಆಮೇಲೆ ಎಷ್ಟು ವರ್ಷ ಇದ್ರು?" ಅಂತ ಕೇಳಿದರು. "ಇನ್ನೂ ಆರೇಳು ವರ್ಷ" ಅಂದೆ. ಅವ್ವ ಬೆರಳಲ್ಲಿ ಏನೋ ಎಣಿಸಿಕೊಂಡು ಸುಮ್ಮನಾದರು.

ಆಲೆಮನೆಯ ಬಿಸಿಲು

ಅಪ್ಪನ ಕಿಡ್ನಿಗೆ ರಕ್ತ ಬತ್ತಿದ್ದಕ್ಕೆ ಭೇದಿ ಒಂದೇ ಕಾರಣವಲ್ಲ. ಕಿಡ್ನಿಯ ಸೋಸುವ ಉಂಡೆಗೆ ಒಳಬರುವ ನಾಳ ಒಂದು, ಹೊರಹೋಗುವ ನಾಳ ಒಂದು. ಮೈಯಲ್ಲಿ ನೀರು ಕಮ್ಮಿಯಾದಾಗ ಒಳಬರುವ ನಾಳವನ್ನು ಅಗಲ ಮಾಡಿ, ಹೊರಹೋಗುವುದನ್ನು ಬಿಗಿ ಹಿಡಿದು ಕಿಡ್ನಿ ಹೇಗೋ ಒತ್ತಡ ಉಳಿಸಿಕೊಳ್ಳುತ್ತದೆ. ಮಂಡಿನೋವಿಗೆ ನುಂಗುವ ಹಲವು ಮಾತ್ರೆಗಳು ಆ ಒಳನಾಳವನ್ನು ಅಗಲವಾಗಲು ಬಿಡುವುದಿಲ್ಲ. ಕೆಲವು ಬಗೆಯ ಬಿಪಿ ಮಾತ್ರೆಗಳು ಹೊರನಾಳವನ್ನು ಸಡಿಲ ಮಾಡುತ್ತವೆ. ಬೇರೆ ಬೇರೆ ದಿನ ಎರಡೂ ಒಳ್ಳೆಯ ಮದ್ದೇ. ಬಿಸಿಲು, ಬೆವರು, ವಾಂತಿಭೇದಿ ಎಲ್ಲಾ ಸೇರಿದ ದಿನ ಎರಡೂ ಒಟ್ಟಿಗೆ ಹೊಟ್ಟೆಯಲ್ಲಿದ್ದರೆ ಕಿಡ್ನಿಯ ಎರಡೂ ಕೈ ಕಟ್ಟಿದ ಹಾಗೆ. ಬಿಪಿ ಮಾತ್ರೆಯನ್ನು ನಾವೇ ನಿಲ್ಲಿಸುವುದು ಬೇಡ. ವಾಂತಿಭೇದಿ ಆದ ದಿನ ಡಾಕ್ಟರಿಗೆ ಒಂದು ಫೋನ್ ಮಾಡಿ, ಇವತ್ತು ತಗೊಳ್ಳಬಹುದಾ ಅಂತ ಕೇಳಿ. ನೋವಿನ ಮಾತ್ರೆಯನ್ನಂತೂ ಆ ದಿನ ದೂರ ಇಡಿ. ಇದನ್ನು ನಮ್ಮೂರಿನ ಪ್ರತಿ ಮನೆಯಲ್ಲೂ ಹೇಳಿ ಬಂದಿದ್ದೇನೆ.

ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳಲ್ಲಿ ಕಬ್ಬು ಕಡಿಯುವ ಕೂಲಿಗಳಿಗೆ, ಅದೂ ಸಕ್ಕರೆ ಕಾಯಿಲೆ ಬಿಪಿ ಏನೂ ಇಲ್ಲದ ವಯಸ್ಸಿನ ಹುಡುಗರಿಗೆ, ಕಿಡ್ನಿ ಹೋಗುವುದನ್ನು ಅಲ್ಲಿಯ ವೈದ್ಯರು ವರ್ಷಗಟ್ಟಲೆ ನೋಡುತ್ತಿದ್ದಾರೆ. ಬಿಸಿಲಿನಲ್ಲಿ ಬಿಡುವಿಲ್ಲದ ದುಡಿತ ಅದಕ್ಕೆ ಒಂದು ಮುಖ್ಯ ಕಾರಣ ಅನ್ನುವ ಅಭಿಪ್ರಾಯ ಬಲವಾಗಿದೆ. ಅದನ್ನು ಓದಿದ ಮೇಲೆ ನಮ್ಮ ಗದ್ದೆಗೆ ಬರುವ ಕಡಿಯುವವರನ್ನು ನಾನು ಬೇರೆ ಥರ ನೋಡುತ್ತೇನೆ. ಮಧ್ಯಾಹ್ನ ಎರಡು ಗಂಟೆ. ತಲೆಗೆ ಟವೆಲ್, ಕೈಯಲ್ಲಿ ಮಚ್ಚು, ಹತ್ತು ಜನಕ್ಕೆ ಒಂದು ಬಿಂದಿಗೆ ನೀರು. ಈಗ ಅವ್ವ ಹತ್ತು ಗಂಟೆಗೊಂದು ಸಲ, ಹನ್ನೆರಡಕ್ಕೊಂದು ಸಲ, ಮೂರಕ್ಕೊಂದು ಸಲ ಉಪ್ಪು ಹಾಕಿದ ನೀರುಮಜ್ಜಿಗೆ ಕಳಿಸುತ್ತಾರೆ. ಬಿಸಿಲು ಏರಿದ ಮೇಲೆ ಎರಡು ಗಂಟೆ ಹುಣಸೆಮರದ ಕೆಳಗೆ ಕೂರಿಸುತ್ತಾರೆ. ಕಡಿತ ಒಂದು ದಿನ ತಡವಾಗುತ್ತದೆ. ಆಗಲಿ.

ತೆಂಡೆ

ಹನ್ನೊಂದನೇ ದಿನದವರೆಗೂ ಚೀಲ ಹಾಗೇ ಇತ್ತು. ಅಪ್ಪ ಮಾತು ನಿಲ್ಲಿಸಿದ್ದರು. ಡಾಕ್ಟರು ಮಾತ್ರ ದಿನಾ ಒಂದೇ ಮಾತು ಹೇಳುತ್ತಿದ್ದರು, "ಕಾಯೋಣ ಯಜಮಾನ್ರೇ, ಸತ್ತ ಕೋಶದ ಜಾಗಕ್ಕೆ ಹೊಸದು ಬರುತ್ತೆ." ಹೇಗೆ ಬರುತ್ತದೆ ಅಂತ ಅಪ್ಪ ಒಂದು ದಿನ ನನ್ನನ್ನು ಕೇಳಿದರು. ಸಾವಿನಿಂದ ತಪ್ಪಿಸಿಕೊಂಡ ಕೋಶಗಳು ಮೊದಲು ಚಪ್ಪಟೆಯಾಗಿ ಹರಡಿ ಖಾಲಿ ಜಾಗ ಮುಚ್ಚುತ್ತವೆ, ಆಮೇಲೆ ಒಂದು ಎರಡಾಗಿ, ಎರಡು ನಾಲ್ಕಾಗಿ, ನಿಧಾನಕ್ಕೆ ತಮ್ಮ ಹಳೇ ಕೆಲಸ ಕಲಿಯುತ್ತವೆ ಅಂದೆ. ಅಪ್ಪ ಸೀಲಿಂಗ್ ನೋಡುತ್ತಾ ಸ್ವಲ್ಪ ಹೊತ್ತು ಯೋಚಿಸಿದರು. "ಪಕ್ಕದ ಬುಡ ತೆಂಡೆ ಹೊಡ್ದು ಜಾಗ ತುಂಬ್ಕತದಲ್ಲ, ಹಂಗಾ?" ಅಂದರು. "ಹಂಗೇ ಅಪ್ಪ" ಅಂದೆ. "ಹಂಗಾರೆ ಬುಡದಲ್ಲಿ ಜೀವ ಇರ್ಬೇಕಲ್ಲವ್ವ" ಅಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವರ ಕೈ ಹಿಡಿದುಕೊಂಡೆ.

ಎಲ್ಲರಲ್ಲೂ ಪೂರ್ತಿ ತುಂಬಿಕೊಳ್ಳುವುದಿಲ್ಲ. ಕೆಲವು ಕಡೆ ಗಾಯ ಮಾದು ಕಲೆ ಉಳಿಯುತ್ತದೆ, ಆ ಕೊಳವೆಗಳು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಒಂದು ಸಲ ಇಂಥ ಪೆಟ್ಟು ತಿಂದವರಿಗೆ ಮುಂದೆ ದೀರ್ಘಕಾಲದ ಕಿಡ್ನಿ ಕಾಯಿಲೆ ಬರುವ ಸಂಭವ ಜಾಸ್ತಿ. ಅಪ್ಪನ ಕ್ರಿಯಾಟಿನಿನ್ 1.4ಕ್ಕೆ ಬಂದು ನಿಂತಿದೆ. ಮೂರು ತಿಂಗಳಿಗೊಮ್ಮೆ ಟೆಸ್ಟ್ ಮಾಡಿಸುತ್ತೇವೆ. ಮಂಡಿನೋವು ಹಾಗೇ ಇದೆ, ಬಿಸಿನೀರಿನ ಶಾಖ ಕೊಡುತ್ತಾರೆ.

ಆಸ್ಪತ್ರೆಗೆ ಬಂದ ಮೂರನೇ ದಿನದಿಂದ ಚೀಲದ ಲೆಕ್ಕವನ್ನು ಅವ್ವ ವಹಿಸಿಕೊಂಡಿದ್ದರು. ನಲವತ್ತು ವರ್ಷ ಡೈರಿಗೆ ಹಾಲು ಹಾಕಿದವರು. ಅಳತೆ ಗೀಟು ನೋಡುವುದರಲ್ಲಿ ಅವರ ಕಣ್ಣು ತಪ್ಪುವುದಿಲ್ಲ. ಸೆರಗಿನಲ್ಲಿ ಸಿಕ್ಕಿಸಿಕೊಂಡು ಬಂದಿದ್ದ ಹಾಲಿನ ಲೆಕ್ಕದ ಪುಸ್ತಕದಲ್ಲೇ, ಬೆಳಗ್ಗೆ ಒಂದು ಸಾಲು, ಸಂಜೆ ಒಂದು ಸಾಲು ಬರೆದರು. ಆ ಪುಸ್ತಕ ಈಗ ನನ್ನ ಹತ್ತಿರ ಇದೆ. 40, 30, 60, 50. ಪುಟದ ಉದ್ದಕ್ಕೂ ಇಂಥವೇ. ಹನ್ನೆರಡನೇ ದಿನ ಬೆಳಗ್ಗೆ 350. ಪಕ್ಕದಲ್ಲಿ ಏನೂ ಬರೆದಿಲ್ಲ, ಅಂಕಿಯ ಮೇಲೆ ಪೆನ್ನು ಎರಡು ಸಲ ಒತ್ತಿ ತಿದ್ದಿದ ಗುರುತಿದೆ. ಆಮೇಲೆ 900. ಆಮೇಲೆ 1800, 2400. ಮುಂದಿನ ಪುಟದಲ್ಲಿ ಮತ್ತೆ ಹಾಲಿನ ಲೆಕ್ಕ.